ನೂರು ಕಟ್ಟು ಸೊಪ್ಪಿನ ಲೆಕ್ಕ

ಕಾಕಿ ಬುಕಿತ್‌ನ ಆ ತರಕಾರಿ ಗೋದಾಮಿನಲ್ಲಿ ನಾನು ಮೊದಲು ಕಲಿತದ್ದು ಸ್ವೆಟರ್ ಹಾಕಿಕೊಳ್ಳುವುದನ್ನು. ಹೊರಗೆ ಸಿಂಗಾಪುರದ ಬಿಸಿಲು ನೆತ್ತಿ ಸುಡುತ್ತಿದ್ದರೆ ಒಳಗೆ ಹಲ್ಲು ಕಟಕಟ ಎನ್ನುವ ಚಳಿ. ಮನೆಯಿದ್ದ ಟ್ಯಾಂಪಿನೀಸ್‌ನಿಂದ ಬಸ್ಸಿನಲ್ಲಿ ಬೆವರಿಕೊಂಡು ಬಂದವಳು ಬಾಗಿಲಲ್ಲೇ ಸ್ವೆಟರ್ ತೊಟ್ಟು, ಎಲೆಕೋಸಿನ ಪೆಟ್ಟಿಗೆಗಳ ನಡುವೆ ಒಂದು ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಸಿಂಗಾಪುರದಲ್ಲಿ ನಾನಿದ್ದ ಸಾಫ್ಟ್‌ವೇರ್ ಕಂಪನಿ ನನ್ನನ್ನು ಮೂರು ತಿಂಗಳ ಮಟ್ಟಿಗೆ ಆ ಗೋದಾಮಿಗೆ ಕಳಿಸಿತ್ತು.

ಕೆಲಸ ಹೇಳಲು ಸುಲಭ. ಆ ವ್ಯಾಪಾರದವರು ಸುಮಾರು ನಲವತ್ತು ಬೆಳೆಗಾರರಿಂದ ತರಕಾರಿ ತರಿಸಿ, ಪ್ಯಾಕ್ ಮಾಡಿ, ಸೂಪರ್‌ಮಾರ್ಕೆಟ್ಟುಗಳಿಗೆ ಕೊಡುತ್ತಿದ್ದರು. ಹೆಚ್ಚಿನ ಬೆಳೆಗಾರರು ಮಲೇಷ್ಯಾದವರು, ಸಿಂಗಾಪುರದೊಳಗಿನವರು ಬೆರಳೆಣಿಕೆಯಷ್ಟು. ಎರಡು ಸಾವಿರದ ಏಳು, ಎಂಟರ ಸುಮಾರಿನ ಮಾತು ಇದು. ಎಲ್ಲಿ ನೋಡಿದರೂ ಕ್ರೇನು, ಎಲ್ಲಿ ನೋಡಿದರೂ ಹೊಸ ಕಾಂಡೋ ಅಪಾರ್ಟ್‌ಮೆಂಟು. ಡೀಸೆಲ್ ಏರಿತ್ತು, ಗೊಬ್ಬರ ಏರಿತ್ತು, ಸೊಪ್ಪು ಸುತ್ತುವ ಪ್ಲಾಸ್ಟಿಕ್ ಕೂಡ ಏರಿತ್ತು. ಸೂಪರ್‌ಮಾರ್ಕೆಟ್ಟಿನವರು ಮಾತ್ರ ಸೊಪ್ಪಿನ ಬೆಲೆ ಇಳಿಸಿ ಎಂದು ಹಟ ಹಿಡಿದು ಕೂತಿದ್ದರು. ನಡುವೆ ಸಿಕ್ಕಿಕೊಂಡ ಗೋದಾಮಿನ ಬಾಸ್ ಮೊದಲ ದಿನವೇ ನನಗೆ ಹೇಳಿದ್ದು ಇಷ್ಟು.

"ನಲವತ್ತು ಜನ ಅಂದ್ರೆ ನಲವತ್ತು ಲಾರಿ, ನಲವತ್ತು ತಲೆನೋವು. ನಂಗೆ ಹನ್ನೆರಡು ಸಾಕು. ಯಾವ ಹನ್ನೆರಡು ಅಂತ ನಿಮ್ಮ ಕಂಪ್ಯೂಟರ್ ಹೇಳ್ಲಿ. ನಾನು ಹೇಳಿದ್ರೆ ಅಪ್ಪನ ಕಾಲದ ಸ್ನೇಹ ನೋಡಿ ಆರಿಸ್ದ ಅಂತಾರೆ, ಇಲ್ಲಾ ಆ ಸ್ನೇಹಕ್ಕೆ ಬೆಲೆ ಕೊಡ್ಲಿಲ್ಲ ಅಂತಾರೆ."

ನಾನು ತಂದಿದ್ದ ಸಿಸ್ಟಮ್‌ನಲ್ಲಿ ಇದಕ್ಕೊಂದು ಅಳತೆ ಇತ್ತು. ಕೇಳಿದ್ದರಲ್ಲಿ ಎಷ್ಟು ಪಾಲು ತಂದುಕೊಟ್ಟರು ಎಂಬುದು. ನೂರು ಕೆಜಿ ಕೇಳಿ ತೊಂಬತ್ತು ಬಂದರೆ ತೊಂಬತ್ತು ಅಂಕ. ಎಂಬತ್ತಕ್ಕಿಂತ ಕಡಿಮೆಯಾದವರಿಗೆ ಸಿಸ್ಟಮ್ ತಾನೇ ಒಂದು ಎಚ್ಚರಿಕೆಯ ಪತ್ರ ಮುದ್ರಿಸುತ್ತಿತ್ತು. ಅದಕ್ಕಾಗಿ ಹಿಂದಿನ ಆರು ತಿಂಗಳ ಆರ್ಡರುಗಳನ್ನೆಲ್ಲ ಒಳಗೆ ತುಂಬಬೇಕಿತ್ತು. ಹಳೆಯ ಫ್ಯಾಕ್ಸ್ ಹಾಳೆಗಳನ್ನು ಓದಿ ಹೇಳಲು ಬಾಸ್ ನನ್ನ ಪಕ್ಕಕ್ಕೆ ಎಲ್ಲರೂ ಆರ್ಡರ್ ಆಂಟಿ ಎನ್ನುತ್ತಿದ್ದವರನ್ನು ಕೂರಿಸಿದರು. ಹೌಗಾಂಗ್‌ನಿಂದ ಬರುತ್ತಿದ್ದ, ಐವತ್ತೈದು ದಾಟಿದ ಚೀನೀ ಹೆಂಗಸು. ಇಪ್ಪತ್ತು ವರ್ಷದಿಂದ ಆ ಮೇಜಿನಲ್ಲಿ ಕೂತು ಫೋನಿನಲ್ಲಿ ಆರ್ಡರ್ ಹೇಳುವುದೇ ಅವರ ಕೆಲಸ. ನನಗಿಂತ ದಪ್ಪ ಸ್ವೆಟರ್ ಅವರದು.

ಎಲ್ಲರ ಹಾಳೆಯೂ ಕೆಜಿಯಲ್ಲಿತ್ತು, ಒಬ್ಬರದನ್ನು ಬಿಟ್ಟು. ಸಿಂಗಾಪುರದ ಅಂಚಿನ ಲಿಮ್ ಚು ಕಾಂಗ್ ಕಡೆ ಒಂದು ಸಣ್ಣ ಸೊಪ್ಪಿನ ತೋಟ, ವಯಸ್ಸಾದ ಗಂಡ ಹೆಂಡತಿ ನಡೆಸುತ್ತಿದ್ದದ್ದು. ಅವರ ಹಾಳೆಯಲ್ಲಿ ನೂರು ಎಂಬ ಅಂಕಿಯ ಪಕ್ಕ ಒಂದು ಪುಟ್ಟ ಚೀನೀ ಅಕ್ಷರ.

"ಇದೇನು ಆಂಟಿ?"

"ಕಟಿ," ಎಂದರು. "ನೂರು ಕಟಿ."

ನನಗೆ ಸಂತೋಷವೇ ಆಯಿತು. ಕಟ್ಟು. ಟೆಕ್ಕಾ ಮಾರ್ಕೆಟ್ಟಿನ ತಮಿಳು ಅಂಗಡಿಗಳಲ್ಲೂ ಸೊಪ್ಪಿಗೆ ಕಟ್ಟು ಅಂತಲೇ ಅನ್ನುತ್ತಾರೆ, ಅದೇ ಮಾತು ಚೀನೀ ಬಾಯಲ್ಲಿ ಕಟಿ ಆಗಿದೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಸಾವಿರಾರು ಮೈಲಿ ಆಚೆ ನಮ್ಮ ಸೊಪ್ಪಿನ ಮಾತು ಕೇಳಿದ ಖುಷಿಯಲ್ಲಿ ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಯೂನಿಟ್ ಎಂಬ ಕಾಲಮ್ಮಿನಲ್ಲಿ ಬಂಡಲ್ ಎಂಬುದಕ್ಕೆ ಬಿ ಡಿ ಎಲ್ ಎಂದು ಮೂರಕ್ಷರ ಹೊಡೆದೆ. ಒಂದು ಬಂಡಲ್ಲಿಗೆ ಎಷ್ಟು ತೂಕ ಎಂದು ಸಿಸ್ಟಮ್ ಕೇಳಿತು. ನಾನು ಅಂದಾಜಿಗೆ ಹೋಗುವವಳಲ್ಲ. ಮರುದಿನ ಬೆಳಗ್ಗೆ ಆ ತೋಟದ ಬುಟ್ಟಿಗಳು ಬಂದಾಗ ಹತ್ತು ಕಟ್ಟು ತೆಗೆದು ತೂಗಿಸಿದೆ. ಕಟ್ಟಿಗೆ ಹೆಚ್ಚುಕಡಿಮೆ ಒಂದು ಕೆಜಿ. ಹಾಗೇ ಬರೆದೆ. ಬುಟ್ಟಿಗಳ ಮೇಲೆ ಕಟ್ಟದ ಬಿಡಿ ಸೊಪ್ಪು ಒಂದೊಂದು ಹಿಡಿ ಬಿದ್ದಿತ್ತು. 'ಪ್ಯಾಕಿಂಗ್ ಅಚ್ಚುಕಟ್ಟಿಲ್ಲ' ಎಂದು ಅದನ್ನೂ ಟಿಪ್ಪಣಿಯಲ್ಲಿ ಸೇರಿಸಿದೆ. ಅಷ್ಟು ಶಿಸ್ತು ನನ್ನದು.

ಎರಡು ವಾರದ ನಂತರ ಮೊದಲ ಪಟ್ಟಿ ಹೊರಬಂತು. ಸೊಪ್ಪಿನ ತೋಟ ಕೊನೆಯಿಂದ ಎರಡನೆಯದು. ಕೆಂಪು ಸಾಲು, ಅರವತ್ತೊಂದೂವರೆ ಅಂಕ.

ಆಂಟಿ ಕನ್ನಡಕ ಏರಿಸಿ ಹಾಳೆಯನ್ನು ಹತ್ತಿರ ಹಿಡಿದು ನೋಡಿ, ಸಿಂಗಾಪುರದವರು ಮಾತಿನ ಕೊನೆಗೆ ಎಳೆಯುವ 'ಲಾ' ಸೇರಿಸಿ ಹೇಳಿದರು. "ತಪ್ಪು ಲಾ. ಈ ಅಂಕಲ್ ಯಾವತ್ತೂ ಕಡಿಮೆ ಕೊಟ್ಟೋರಲ್ಲ."

"ಆಂಟಿ, ನೂರು ಕೇಳಿದೀವಿ. ನಮ್ಮ ಬಾಗಿಲಲ್ಲೇ ತೂಗಿದಾರೆ, ಅರವತ್ತೊಂದೂವರೆ ಕೆಜಿ. ನಾನು ಮಾಡಿದ್ದಲ್ಲ, ನಿಮ್ಮ ತಕ್ಕಡಿ ಹೇಳಿದ್ದು."

"ಇಪ್ಪತ್ತು ವರ್ಷ ನಾನೇ ಆರ್ಡರ್ ಹೇಳಿರೋದು."

"ಇಪ್ಪತ್ತು ವರ್ಷ ಯಾರೂ ಲೆಕ್ಕ ನೋಡಿಲ್ಲ ಅಷ್ಟೆ," ಎಂದುಬಿಟ್ಟೆ.

ಈ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಆಂಟಿ ಫ್ಯಾಕ್ಸ್ ಹಾಳೆಗಳನ್ನು ಜೋಡಿಸಿಟ್ಟು ಎದ್ದರು. ಮಧ್ಯಾಹ್ನ ಊಟಕ್ಕೆ ಕರೆಯದೆ ಒಬ್ಬರೇ ಹೋದರು. ವಾಪಸು ಬಂದಮೇಲೆ ಒಂದೇ ಒಂದು ವಿಷಯ ತಿಳಿಸಿದರು. ಆ ತೋಟಕ್ಕೆ ನಾವೊಬ್ಬರೇ ಗಿರಾಕಿ. ಪಟ್ಟಿಯಿಂದ ಬಿದ್ದರೆ ತೋಟ ಮುಚ್ಚಿದ ಹಾಗೆ.

ಪತ್ರ ಹೋಯಿತು. ನಾಲ್ಕನೇ ದಿನದಿಂದ ಐದು ಬುಟ್ಟಿಯ ಜಾಗದಲ್ಲಿ ಆರು ಬುಟ್ಟಿ ಬರತೊಡಗಿದವು. ಆರನೆಯದರಲ್ಲಿ ಗೇಣುದ್ದವೂ ಇಲ್ಲದ ಎಳೆ ಸೊಪ್ಪು. ಬೆಳೆಯಲು ಇನ್ನೂ ಒಂದು ವಾರ ಬೇಕಿದ್ದದ್ದನ್ನು ಕಿತ್ತು ತಂದಿದ್ದರು. ಬಾಗಿಲಲ್ಲಿ ಸರಕು ಇಳಿಸಿಕೊಳ್ಳುವವನ ಕೈಯಲ್ಲಿ ಇನ್ನೂ ಹಳೆಯ ಫ್ಯಾಕ್ಸ್ ಹಾಳೆಯೇ ಇತ್ತು. ಅವನು ಅದನ್ನು ನೋಡಿ, ಆರ್ಡರಿಗಿಂತ ಹೆಚ್ಚಿದೆ ಎಂದು ಆರನೇ ಬುಟ್ಟಿಯನ್ನು ತಿರುಗಿ ಕಳಿಸಿದ. ಮೂರು ದಿನ ಹೀಗೇ ನಡೆಯಿತು.

"ಕಡಿಮೆ ಅಂತ ಪತ್ರ, ಜಾಸ್ತಿ ಅಂತ ವಾಪಸ್," ಎಂದರು ಆಂಟಿ, ನನ್ನ ಮುಖ ನೋಡದೆ. "ಅಂಕಲ್ ಫೋನ್ ಮಾಡಿ ಕೇಳ್ತಾರೆ, ನಾನು ಏನು ಕೊಡ್ಬೇಕು ಅಂತ. ಏನು ಹೇಳ್ಲಿ?"

ನನಗೂ ತಲೆಬುಡ ತಿಳಿಯಲಿಲ್ಲ. ಒಂದೇ ಸೊಪ್ಪು ಕಡಿಮೆಯೂ ಜಾಸ್ತಿಯೂ ಹೇಗಾಗುತ್ತದೆ? ಬಾಗಿಲಿನವನು ಹಾಳೆಯನ್ನು ತಪ್ಪು ಓದಿದ ಎಂದುಕೊಂಡೆ. ಇಲ್ಲ, ನೂರು ಎಂದೇ ಓದಿದ್ದ. ತಕ್ಕಡಿ ಕೆಟ್ಟಿದೆ ಎಂದುಕೊಂಡು ಎರಡು ಅಕ್ಕಿ ಮೂಟೆ ಇಟ್ಟು ನೋಡಿದೆ, ಸರಿಯಾಗಿತ್ತು. ಸೂತ್ರ ತಪ್ಪಿದೆ ಎಂದುಕೊಂಡು ಇಪ್ಪತ್ತು ಬೆಳೆಗಾರರ ಲೆಕ್ಕವನ್ನು ಕೈಯಲ್ಲಿ ಮಾಡಿದೆ. ಎಲ್ಲ ತಾಳೆಯಾಯಿತು. ಇನ್ನೊಂದು ವಿಚಿತ್ರ ಕಂಡದ್ದು ಆಗಲೇ. ಬೇರೆಯವರ ಅಂಕ ಒಂದು ವಾರ ತೊಂಬತ್ತೈದು, ಮಳೆ ಬಂದ ವಾರ ಎಪ್ಪತ್ತು, ಲಾರಿ ಕೆಟ್ಟ ವಾರ ಐವತ್ತು, ಹೀಗೆ ಏರಿಳಿಯುತ್ತಿತ್ತು. ಈ ತೋಟದ್ದು ಮಾತ್ರ ಆರು ತಿಂಗಳೂ ಅರವತ್ತೊಂದು, ಅರವತ್ತೊಂದೂವರೆ, ಅರವತ್ತೆರಡು. ಕಡಿಮೆ ಕೊಡುವವನು ಇಷ್ಟು ಕರಾರುವಾಕ್ಕಾಗಿ ಕಡಿಮೆ ಕೊಡುತ್ತಾನೆಯೇ? ಬೇಕೆಂದೇ ಮಾಡುತ್ತಿದ್ದಾರೆ ಎಂದೂ ಒಂದು ಕ್ಷಣ ಅನ್ನಿಸಿತು. ಎಲ್ಲವನ್ನೂ ಅನುಮಾನಿಸಿದೆ. ನಮ್ಮದು ಎಂದುಕೊಂಡಿದ್ದ ಆ ಒಂದು ಮಾತನ್ನು ಮಾತ್ರ ಅನುಮಾನಿಸಲಿಲ್ಲ.

ಅಂತಿಮ ಪಟ್ಟಿಗೆ ಬಾಸ್ ಸಹಿ ಹಾಕುವುದು ಸೋಮವಾರ ಬೆಳಗ್ಗೆ ಹತ್ತಕ್ಕೆ ಎಂದು ನಿಗದಿಯಾಯಿತು.

ಅದರ ಹಿಂದಿನ ಭಾನುವಾರ ಅತ್ತೆಯನ್ನು ಕರೆದುಕೊಂಡು ಟ್ಯಾಂಪಿನೀಸ್‌ನ ಮಾರ್ಕೆಟ್ಟಿಗೆ ಹೋದೆ. ಮದ್ದೂರಿನವರು, ಎರಡು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಸಿಂಗಾಪುರದವರೆಲ್ಲರೊಂದಿಗೂ ಅತ್ತೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಕೇಳಿದವರೂ ಹೇಗೋ ಉತ್ತರ ಕೊಡುತ್ತಿದ್ದರು. ಕೆಂಪು ದಂಟಿನ ಸೊಪ್ಪು ಕಂಡು ಅತ್ತೆಗೆ ಜೀವ ಬಂದಂತಾಯಿತು. ಅಂಗಡಿಯಾಕೆಗೆ ಒಂದು ಬೆರಳು ತೋರಿಸಿ, "ಒಂದ್ ಕಟ್ಟು ಕೊಡವ್ವ," ಎಂದರು.

"ಒನ್ ಕಟಿ? ಕ್ಯಾನ್," ಎಂದಳು ಆಕೆ, ಆಗಬಹುದು ಎನ್ನುವಂತೆ.

ನಾನು ನಗುತ್ತಲೇ ನಿಂತಿದ್ದೆ. ಆಕೆ ಒಂದು ಕಟ್ಟು ಎತ್ತಿಕೊಂಡು, ರಬ್ಬರ್ ಬ್ಯಾಂಡ್ ಕಿತ್ತು, ಸೊಪ್ಪನ್ನು ತಕ್ಕಡಿಯ ಮೇಲೆ ಸುರಿದಳು. ನಾಲ್ಕು ದಂಟು ತೆಗೆದಳು. ಮುಳ್ಳು ನೋಡಿದಳು. ಒಂದು ದಂಟು ಮತ್ತೆ ಹಾಕಿದಳು.

ಅತ್ತೆಗೆ ರೇಗಿತು. "ಏನವ್ವ ಇವ್ಳು, ಕಟ್ಟು ಕೊಡು ಅಂದ್ರೆ ಕಟ್ಟು ಬಿಚ್ಚಾಕ್ತಾವ್ಳೆ. ಕಟ್ ಬಿಚ್ಚಿದ್ಮೇಲೆ ಅದ್ಯಾವ ಕಟ್ಟು?"

"ಕಟಿ, ಕಟಿ," ಎಂದು ಆಕೆ ತಕ್ಕಡಿಯ ಮುಖವನ್ನು ಬೆರಳಿನಿಂದ ಬಡಿದು ತೋರಿಸಿದಳು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು: ಕಟಿ ಅಂದರೆ ತೂಕ, ಆರುನೂರು ಗ್ರಾಂ.

ಆರುನೂರು ಗ್ರಾಂ. ನೂರು ಕಟಿಗೆ ಅರವತ್ತು ಕೆಜಿ. ಅವರು ಕೇಳಿದ್ದನ್ನೇ ತಂದಿದ್ದರು, ದಿನಾ ತಂದಿದ್ದರು, ಆರು ತಿಂಗಳೂ ತಂದಿದ್ದರು. ಬಾಗಿಲಿನವನು ಹಾಳೆಯನ್ನು ಸರಿಯಾಗಿಯೇ ಓದಿ ಆರನೇ ಬುಟ್ಟಿ ತಿರುಗಿ ಕಳಿಸಿದ್ದ. ಅರವತ್ತು ಕೆಜಿ ಕೇಳಿದ್ದನ್ನು ನೂರು ಕೆಜಿ ಎಂದು ಬರೆದುಕೊಂಡವಳು ನಾನು. ಸೊಪ್ಪಿನ ಚೀಲ ಹಿಡಿದು ಮಾರ್ಕೆಟ್ಟಿನ ಒದ್ದೆ ನೆಲದ ಮೇಲೆ ಹಾಗೇ ನಿಂತುಬಿಟ್ಟೆ.

"ಯಾಕವ್ವ, ಏನಾಯ್ತು?" ಎಂದರು ಅತ್ತೆ.

ಮನೆಗೆ ಬರುವ ದಾರಿಯಲ್ಲಿ ಎಲ್ಲ ಹೇಳಿದೆ. ಅವರು ನಮ್ಮ ಫ್ಲಾಟುಗಳ ಕೆಳಗೆ ಖಾಲಿ ಬಿಟ್ಟ ನೆಲ ಅಂತಸ್ತಿನ ಕಲ್ಲುಬೆಂಚಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎತ್ತು ಈದೈತೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತು ನೋಡು ನಿನ್ ಕತೆ," ಎಂದರು. "ಅಲ್ಲೂ ಕಟ್ಟೇ." ಸೆರಗು ಬಾಯಿಗಿಟ್ಟು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಆ ವಯಸ್ಸಾದೋರು ಏನಂದ್ಕಂಡಿದ್ದಾರೋ, ಪಾಪ."

ನನ್ನ ಗಂಡನಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. "ಯೂನಿಟ್ ಚೇಂಜ್ ಮಾಡಿ ಇನ್ನೊಂದ್ಸಲ ರನ್ ಮಾಡ್ಬಿಡು. ಸಿಸ್ಟಮ್ ಇಶ್ಯೂ ಇತ್ತು, ಫಿಕ್ಸ್ ಆಯ್ತು ಅಂತ ಮೇಲ್ ಹಾಕು. ಯಾರೂ ಕೇಳಲ್ಲ ಕಣೇ."

ಅವನು ಹೇಳಿದ್ದು ನಿಜ. ಯಾರೂ ಕೇಳುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಅದೇ ಯೋಚನೆ. ಮೇಲ್ ಕೂಡ ಅರ್ಧ ಬರೆದೆ. 'ಸಿಸ್ಟಮ್ ಇಶ್ಯೂ' ಎಂದು ಹೊಡೆದಮೇಲೆ ಕೈ ಮುಂದೆ ಹೋಗಲಿಲ್ಲ. ಸಿಸ್ಟಮ್ ಏನು ಮಾಡಿತ್ತು ಪಾಪ, ನಾನು ಹೇಳಿದ್ದನ್ನು ಮಾಡಿತ್ತು. ಇಪ್ಪತ್ತು ವರ್ಷ ಯಾರೂ ಲೆಕ್ಕ ನೋಡಿಲ್ಲ ಎಂದು ಆ ಆಂಟಿಯ ಮುಖಕ್ಕೆ ಹೇಳಿದ್ದು ಸಿಸ್ಟಮ್ ಅಲ್ಲ. ಮೇಲ್ ಅಳಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಹೇಳುವುದಾದರೆ ಎದುರು ನಿಂತು ಹೇಳುವುದು ಎಂದು ತೀರ್ಮಾನಿಸಿದೆ.

ಸೋಮವಾರ ಒಂಬತ್ತಕ್ಕೇ ಹೋಗಿ ಮೊದಲು ಆಂಟಿಗೆ ಹೇಳಿದೆ. ಅವರು ನನ್ನ ಸ್ಕ್ರೀನಿನತ್ತ ಬೆರಳು ಮಾಡಿದರು.

"ಬಿ ಡಿ ಎಲ್ ಅಂತ ನಾನೂ ನೋಡ್ದೆ," ಎಂದರು. "ನಿಮ್ಮ ಕಂಪ್ಯೂಟರ್ ಭಾಷೇಲಿ ಕಟಿಗೆ ಹಾಗೆ ಬರೀತಾರೆ ಅಂದ್ಕೊಂಡೆ ಲಾ."

ನಾನು ಕೇಳಲಿಲ್ಲ, ಅವರು ಕೇಳಲಿಲ್ಲ. ಇಬ್ಬರೂ ಒಟ್ಟಿಗೇ ಬಾಸ್ ಕೋಣೆಗೆ ಹೋದೆವು. ಆಂಟಿ ಬರಬೇಕಾಗಿರಲಿಲ್ಲ, ಆದರೂ ಬಂದರು. ನಾನು ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಸೊಪ್ಪನ್ನು ಮೇಜಿನ ಮೇಲಿಟ್ಟು, ನಮ್ಮ ಭಾಷೆಯಲ್ಲಿ ಇದಕ್ಕೆ ಕಟ್ಟು ಅನ್ನುತ್ತಾರೆ ಎಂದು ಶುರು ಮಾಡಿದೆ. ಬಾಸ್ ನಗಲೂ ಇಲ್ಲ, ಬೈಯಲೂ ಇಲ್ಲ. ಕ್ಯಾಲ್ಕ್ಯುಲೇಟರ್ ತೆಗೆದು ತಾವೇ ಒತ್ತಿ ನೋಡಿದರು.

"ಹಾಗಾದ್ರೆ ಈ ಅಂಕಲ್‌ದು ನೂರಕ್ಕಿಂತ ಜಾಸ್ತಿ."

"ಹೌದು."

"ಆ ತೋಟದ ಬುಟ್ಟಿ ತೂಗೋದೇ ಬೇಡ ಅಂತಿದ್ರು ನಮ್ಮಪ್ಪ," ಎಂದರು ಅವರು. "ಅರವತ್ತೊಂದು ನೋಡಿದಾಗ ನಂಗೂ ನೆನಪಾಯ್ತು. ಆದ್ರೆ ಅಪ್ಪನಿಗಿಂತ ಕಂಪ್ಯೂಟರಿಗೆ ಜಾಸ್ತಿ ಗೊತ್ತಿರುತ್ತೆ ಅಂತ ಸುಮ್ಮನಾದೆ."

ಪೆನ್ನು ತೆಗೆದು ಪಟ್ಟಿಯಲ್ಲಿ ತೋಟದ ಹೆಸರನ್ನು ಮೇಲಕ್ಕೆ ಬರೆದರು. ಆಮೇಲೆ ಹನ್ನೆರಡನೆಯ ಹೆಸರನ್ನು ಗೀಟು ಹಾಕಿ ಹೊಡೆದುಹಾಕಿದರು. ಮಲೇಷ್ಯಾದ ಜೋಹೋರ್‌ನ ಯಾರೋ ಒಬ್ಬರು, ನಾನು ನೋಡಿದವರಲ್ಲ. "ಹನ್ನೆರಡು ಅಂದ್ರೆ ಹನ್ನೆರಡು," ಎಂದರು. ತಪ್ಪು ತಿದ್ದಲು ಹೋದವಳು ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿದೆನೇ, ಅಥವಾ ಮೊದಲಿನಿಂದಲೂ ಅದು ಆಗಬೇಕಾದದ್ದೇ ಆಗಿತ್ತೇ? ಅದು ನನಗೆ ಆವತ್ತೂ ಬಗೆಹರಿಯಲಿಲ್ಲ, ಇವತ್ತೂ ಬಗೆಹರಿದಿಲ್ಲ. ಬಾಸ್ ಮಾತ್ರ ಮುಂದಿನ ಮಾತಿಗೆ ಹೋಗಿದ್ದರು. "ಪತ್ರ ಕಳಿಸಿದ್ದು ನೀವು. ಹೋಗಿ ಹೇಳ್ಬೇಕಾದೋರೂ ನೀವೇ."

ಬುಧವಾರ ಗೋದಾಮಿನ ಸಣ್ಣ ಲಾರಿಯಲ್ಲಿ ಹೊರಟೆವು. ಡ್ರೈವರು, ನಾನು, ನಡುವೆ ಆಂಟಿ. ಅಂಕಲ್‌ಗೆ ಇಂಗ್ಲಿಷ್ ಬಾರದು, ನನಗೆ ಅವರ ಚೀನೀ ನುಡಿ ಹೊಕ್ಕಿಯನ್ ಬಾರದು. ಫ್ಲಾಟುಗಳೆಲ್ಲ ಮುಗಿದು, ಸಮಾಧಿಗಳ ಸಾಲು ದಾಟಿದಮೇಲೆ ಇದ್ದಕ್ಕಿದ್ದಂತೆ ಹಸಿರು. ಸಿಂಗಾಪುರದಲ್ಲಿ ಇಷ್ಟು ವರ್ಷವಿದ್ದೂ ನಾನು ಆ ಕಡೆ ಬಂದಿರಲಿಲ್ಲ.

ತೋಟದ ತಗಡಿನ ಚಪ್ಪರದಲ್ಲಿ ಕೋಳಿಗೊಬ್ಬರದ ಮೂಟೆಗಳ ನಾತ. ಮೂರು ಜನ ಕೆಲಸದವರಿದ್ದರಂತೆ, ಇಬ್ಬರು ಕಾಂಡೋ ಕಟ್ಟುವ ಕಡೆ ಹೆಚ್ಚು ಕೂಲಿ ಸಿಗುತ್ತದೆಂದು ಹೋಗಿದ್ದರು. ಗೊಬ್ಬರ ಆ ವರ್ಷ ಮೂರು ಸಲ ಏರಿತೆಂದು ಅರ್ಧ ಜಾಗ ಹಾಗೇ ಬಿಟ್ಟಿದ್ದರು. ಅಂಕಲ್ ಬಂದು ನಮಗೆ ಪ್ಲಾಸ್ಟಿಕ್ ಸ್ಟೂಲು ಹಾಕಿದರು. ಚಪ್ಪರದ ಆ ತುದಿಯಲ್ಲಿ ಅವರ ಹೆಂಡತಿ ನಮ್ಮ ಕಡೆ ಬೆನ್ನು ಮಾಡಿ ಸೊಪ್ಪು ಕಟ್ಟುತ್ತಿದ್ದರು. ಬೋರಲು ಹಾಕಿದ ಒಂದು ಪೆಟ್ಟಿಗೆಯ ಮೇಲೆ ಹೊಚ್ಚ ಹೊಸ ಎಲೆಕ್ಟ್ರಾನಿಕ್ ತಕ್ಕಡಿ, ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ.

ಅಂಕಲ್ ಆಂಟಿಯ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಆಂಟಿ ನನಗೆ ಹೇಳಿದರು.

"ಮೂವತ್ತು ವರ್ಷದಿಂದ ತೂಕ ಹಾಕೋದು ಇವರ ಹೆಂಡತೀನೇ. ನಿಮ್ಮ ಪತ್ರ ಬಂದ್ಮೇಲೆ ಇವರು ಅವಳಿಗೆ, 'ನಿನ್ನ ಕಣ್ಣು ಮಂಜಾಗಿದೆ, ತೂಕ ಕಡಿಮೆ ಹಾಕ್ತಿದೀಯ' ಅಂದ್ರಂತೆ. ಅವಳ ತಕ್ಕಡಿ ಕಿತ್ತಿಟ್ಟು ಇದನ್ನ ತಂದ್ರಂತೆ. ಆವತ್ತಿಂದ ಅವಳು ಇವರ ಹತ್ರ ಮಾತಾಡಿಲ್ಲ."

ನನಗೆ ಪಟ್ಟಿ, ಅಂಕ, ಬಾಸ್ ಎಲ್ಲ ಮರೆತುಹೋಯಿತು. ಸ್ಟೂಲಿನಿಂದ ಎದ್ದು ಆ ಹೆಂಗಸಿನ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತೆ. ನಿಮ್ಮ ತೂಕ ಸರಿಯಿತ್ತು, ಆರು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ, ನಾನು ಕಟಿ ಎಂಬ ಮಾತನ್ನು ತಪ್ಪಾಗಿ ಕೇಳಿಸಿಕೊಂಡೆ ಎಂದೆ. ಆಂಟಿ ಒಂದೊಂದೇ ವಾಕ್ಯವನ್ನು ಹೊಕ್ಕಿಯನ್‌ಗೆ ತಿರುಗಿಸಿದರು. ಆಕೆಯ ಕೈ ಸೊಪ್ಪಿನ ಮೇಲೆಯೇ ನಿಂತಿತ್ತು. ಎಲ್ಲ ಕೇಳಿ ಮುಗಿದಮೇಲೆ ಗಂಡನ ಕಡೆ ತಿರುಗದೆಯೇ ಒಂದು ಚಿಕ್ಕ ಮಾತು ಹೇಳಿದರು. ಅಂಕಲ್ ಎದ್ದು ಗೊಬ್ಬರದ ಮೂಟೆಗಳ ಹಿಂದೆ ಹೋದರು.

"ಏನಂದ್ರು?" ಎಂದೆ.

"'ಕೇಳಿಸ್ತಾ?' ಅಂದ್ಲು, ಅಷ್ಟೆ."

ಅಂಕಲ್ ವಾಪಸು ಬಂದಾಗ ಕೈಯಲ್ಲಿ ಹಳೆಯ ತಕ್ಕಡಿ. ಉದ್ದನೆಯ ಮರದ ಕೋಲು, ಅದರ ಒಂದು ತುದಿಗೆ ತೂಗುಬಿಟ್ಟ ತಟ್ಟೆ, ಕೋಲಿನ ಮೇಲೆ ಜಾರುವ ಕಬ್ಬಿಣದ ಗುಂಡು. ಧೂಳನ್ನು ಬನಿಯನ್ನಿಗೆ ಒರೆಸಿ ಹೆಂಡತಿಯ ಮುಂದೆ ಇಟ್ಟರು. ಆಕೆ ಕೈಯಲ್ಲಿದ್ದ ಸೊಪ್ಪನ್ನು ಕಟ್ಟಿ ಮುಗಿಸಿದರು. ಆಮೇಲೆ ಎತ್ತಿಕೊಂಡು, ನನ್ನ ಕಡೆ ನೋಡಿ ಒಂದು ಬೆರಳು ತೋರಿಸಿ, "ಕಟಿ," ಎಂದರು.

ತಟ್ಟೆಗೆ ಸೊಪ್ಪು ಹಾಕಿ, ಗುಂಡನ್ನು ಸರಿಸಿ, ಕೋಲು ಮಟ್ಟಸವಾಗಿ ನಿಂತದ್ದನ್ನು ನನಗೆ ತೋರಿಸಿದರು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದರು. ಸುತ್ತಿ ಮುಗಿಸಿ ಕೊಡುವ ಮುಂಚೆ, ತೂಗದೆ, ನೋಡದೆ, ಇನ್ನೊಂದು ಹಿಡಿ ಸೊಪ್ಪು ಮೇಲೆ ಇಟ್ಟರು.

"ಇದಕ್ಕೆ ಏನಂತೀರಿ ಆಂಟಿ? ಈ ಮೇಲಿಂದಕ್ಕೆ?"

"ಅದಕ್ಕೇನು ಹೆಸರು ಲಾ. ಹಾಗೆ ಹಾಕೋದು. ಪ್ರತಿ ಬುಟ್ಟಿಗೂ ಹಾಕ್ತಾಳೆ."

ಹೆಸರಿದೆ. ಮದ್ದೂರಿನ ಸಂತೆಯಲ್ಲಿ ಅತ್ತೆ ಅದಿಲ್ಲದೆ ಬುಟ್ಟಿ ಎತ್ತುವುದಿಲ್ಲ. ಅರವತ್ತರ ಮೇಲೆ ಒಂದು, ಒಂದೂವರೆ, ಎರಡು ಎಂದು ನನ್ನನ್ನು ವಾರಗಟ್ಟಲೆ ಕಾಡಿದ್ದು, ಪ್ಯಾಕಿಂಗ್ ಅಚ್ಚುಕಟ್ಟಿಲ್ಲ ಎಂದು ನಾನು ಬರೆದಿದ್ದು, ಇದೇ ಹಿಡಿ.

ಗುರುವಾರ ಸ್ವೆಟರ್ ಹಾಕಿಕೊಂಡು ಕೂತು ಯೂನಿಟ್ ತಿದ್ದಿದೆ. ಹಳೆಯ ಟಿಪ್ಪಣಿ ಅಳಿಸಿದೆ. ಲೆಕ್ಕ ಮತ್ತೆ ಓಡಿಸಿದಾಗ ಆ ತೋಟದ ಸಾಲು ಈ ಸಲವೂ ಕೆಂಪಾಯಿತು, ಆರ್ಡರಿಗಿಂತ ಹೆಚ್ಚು, ಕಾರಣ ಬರೆಯಿರಿ ಎಂದು. ಸಿಸ್ಟಮ್ಮಿನ ಕಾರಣಗಳ ಪಟ್ಟಿಯಲ್ಲಿ ಇದ್ದದ್ದು ಎರಡೇ: ತೂಕದ ತಪ್ಪು, ಆರ್ಡರಿನ ತಪ್ಪು. ನಾನು ಕೆಳಗೆ ಮೂರನೆಯದೊಂದು ಸೇರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ 'ಕೊಸರು' ಎಂದು ಹೊಡೆದೆ. ಕೆಂಪು ಹೋಯಿತು.

ಆಂಟಿ ಕನ್ನಡಕ ಏರಿಸಿ ಸ್ಕ್ರೀನಿನ ಹತ್ತಿರ ಬಗ್ಗಿದರು. "ಇದ್ಯಾವ ಕಂಪ್ಯೂಟರ್ ಭಾಷೆ?"

ಈ ಸಲ ಅವರು ಕೇಳಿದರು. ನಾನು ಕುರ್ಚಿ ಅವರ ಕಡೆ ತಿರುಗಿಸಿ ಅರ್ಥ ಹೇಳಿದೆ.